ಕಾಯಿ ತಾಳದ ಬಂಡೆ

ಗೆಳೆಯರೇ, ಮಣಿಕೊಂಡದ ನಮ್ಮ ಮನೆಯೆದುರು ಇವತ್ತು ಲಾರಿಯಲ್ಲಿ ಒಂದು ದೊಡ್ಡ ಬಂಡೆ ಬಂತು. ಇಬ್ಬರೇ ಆಳು ಅದನ್ನು ಹೆಗಲ ಮೇಲೆ ಹೊತ್ತು ಇಳಿಸಿದರು. ಫೈಬರ್ ಬಂಡೆ! ಎದುರಿಗೆ ಏಳುತ್ತಿರುವ ಅಪಾರ್ಟ್‌ಮೆಂಟಿನ ಉದ್ಯಾನಕ್ಕಂತೆ. ‘ಪ್ರಕೃತಿಯ ಮಡಿಲಲ್ಲಿ ಮನೆ’ ಎಂಬ ಬೋರ್ಡು ಬೇರೆ.

ಅದೇ ಜಾಗದಲ್ಲಿದ್ದ ಅಸಲಿ ಬಂಡೆಯನ್ನು ಹೋದ ವರ್ಷ ಮದ್ದಿಟ್ಟು ಸಿಡಿಸಿದ್ದರು. ಕೂಲಿಯವರು ಅದರ ನೆರಳಲ್ಲಿ ಊಟ ಮಾಡುತ್ತಿದ್ದರು, ಅರಿಶಿನ ಬಳಿದು ಎಲ್ಲಮ್ಮ ಎಂದು ಕೈಮುಗಿಯುತ್ತಿದ್ದರು.

ಅವರಲ್ಲೊಬ್ಬಳು ಯಾದಗಿರಿ ಕಡೆಯ ಶಾಂತವ್ವ. ಹೊಸ ಬಂಡೆಗೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಕಾಯಿ ಎತ್ತಿ ಕುಕ್ಕಿದಳು. ಬಂಡೆಗೆ ತೂತು ಬಿತ್ತು. ಕಾಯಿ ಒಡೆಯಲಿಲ್ಲ.

ಸೂಪರ್‌ವೈಸರ್ ಓಡಿ ಬಂದ. "ಏನ್ ಮಾಡಿದಿ ಇದು? ನಾಳಿಂದ ಕೆಲಸಕ್ಕ ಬರಬ್ಯಾಡ!"

"ಕಲ್ಲು ಅಂದಮ್ಯಾಗ ಕಾಯಿ ತಡೀಬ್ಯಾಡೇನ್ರಿ, ಸಾಹೇಬ್ರ?" ಎಂದಳು ಶಾಂತವ್ವ.

ಅವನು ಗೇಟು ತೋರಿಸಿದ. ಒಡೆಯದ ಕಾಯಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಅವಳು ಹೊರಟುಹೋದಳು.

ಅಸಲಿ ಬಂಡೆ ಒಡೆದ ದಿನ ಇದೇ ಸೂಪರ್‌ವೈಸರ್ ಬೀದಿಗೆಲ್ಲ ಪೇಡೆ ಹಂಚಿದ್ದ.