ಗಾಜಿನ ನಡುವಿನ ಗೀಟು

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ನಾನಾಗ ಯಶವಂತಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಟೀಚರಾಗಿದ್ದೆ. ವಯಸ್ಸು ನಲವತ್ತು ದಾಟಿತ್ತು. ಚಿಕ್ಕಂದಿನಿಂದಲೂ ದೂರದ್ದು ಮಸುಕಾಗಿ ಕಾಣುತ್ತಿದ್ದುದರಿಂದ ಕನ್ನಡಕ ನನಗೆ ಹೊಸದಲ್ಲ. ಆದರೆ ಆ ವರ್ಷ ಹತ್ತಿರದ್ದೂ ಕೈಕೊಡತೊಡಗಿತು. ಸೂಜಿಗೆ ದಾರ ಪೋಣಿಸಲು ಕನ್ನಡಕ ತೆಗೆಯಬೇಕು, ಹಿಂದಿನ ಸಾಲಿನ ಹುಡುಗಿಯರ ಮೇಲೆ ಕಣ್ಣಿಡಲು ಮತ್ತೆ ಹಾಕಬೇಕು. ತೆಗೆದಿಟ್ಟ ಕನ್ನಡಕವನ್ನು ತುಂಡುಬಟ್ಟೆಗಳ ರಾಶಿಯಲ್ಲಿ ಹುಡುಕುವುದೇ ಒಂದು ಕೆಲಸವಾಯಿತು.

ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, "ಚಾಳೀಸು ಬಂದಿದೆಯಮ್ಮ. ಎರಡೂ ಒಂದರಲ್ಲೇ ಇರೋ ಕನ್ನಡಕ ಸಿಗುತ್ತೆ. ಮೇಲಿನ ಭಾಗ ದೂರಕ್ಕೆ, ಕೆಳಗಿನ ಭಾಗ ಹತ್ತಿರಕ್ಕೆ. ಅದನ್ನೇ ಮಾಡಿಸ್ಕೊಳ್ಳಿ" ಎಂದರು. ಒಂದೇ ಗಾಜು ಎರಡು ಕೆಲಸ ಮಾಡುತ್ತದೆಂಬ ಮಾತನ್ನು ನಾನು ಅಲ್ಲೇ ಪೂರ್ತಿ ನಂಬಲಿಲ್ಲ. ಆದರೂ ಮಲ್ಲೇಶ್ವರದ ಒಂದು ಅಂಗಡಿಯಲ್ಲಿ ಕಪ್ಪು ಫ್ರೇಮು ಆರಿಸಿ, ಮಾಡಲು ಕೊಟ್ಟು ಬಂದೆ.

ತರಲು ಹೋದ ದಿನವೇ ನನ್ನ ಅನುಮಾನ ಹುಟ್ಟಿದ್ದು. ಅಂಗಡಿಯಲ್ಲಿ ನನ್ನದೇ ವಯಸ್ಸಿನ ಇನ್ನೊಬ್ಬ ಹೆಂಗಸು ಕಾಯುತ್ತಿದ್ದರು. ಅಂಗಡಿಯವನು ಒಳಗಿನಿಂದ ಎರಡು ಕವರು ತಂದ. ಎರಡರಲ್ಲೂ ಒಂದೇ ತರಹದ ಕಪ್ಪು ಫ್ರೇಮು. ಅವನು ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ, ಕ್ಷಣ ತಡೆದು ನನಗೊಂದು, ಆಕೆಗೊಂದು ಕೊಟ್ಟ. ಹಾಕಿಕೊಂಡೆ. ಗಾಜಿನ ನಡುವೆ ಅಡ್ಡಲಾಗಿ ಎಳೆದ ಗೀಟು ಕಣ್ಣಿಗೆ ಹೊಡೆಯಿತು. ಮೇಜಿನ ಅಂಚು ಮುರಿದು ಮತ್ತೆ ಅಂಟಿಸಿದ ಹಾಗೆ ಕಂಡಿತು.

"ಇದು ನಂದೇನಾ?" ಎಂದು ಕೇಳಿದೆ.

"ನಿಮ್ದೇ ಮೇಡಂ. ಮೊದಮೊದಲು ಹಾಗನ್ಸುತ್ತೆ. ಅಭ್ಯಾಸ ಆಗುತ್ತೆ ಬಿಡಿ" ಎಂದ.

ಅಷ್ಟು ಹೊತ್ತಿಗೆ ಆ ಹೆಂಗಸು ತಮ್ಮ ಕವರನ್ನು ಕೈಚೀಲಕ್ಕೆ ಹಾಕಿಕೊಂಡು ಬೀದಿಯಲ್ಲಿ ಮರೆಯಾಗಿದ್ದರು.

ಅಭ್ಯಾಸವಾಗಲಿಲ್ಲ. ನಮ್ಮ ಮನೆಯಿಂದ ಶಾಲೆಗೆ ಹೋಗುವಾಗ ರೈಲು ಹಳಿ ದಾಟಬೇಕಿತ್ತು. ಕೆಳಗೆ ನೋಡಿದರೆ ಹಳಿಗಳು ಮೊಣಕಾಲೆತ್ತರಕ್ಕೆ ಎದ್ದು ಬರುತ್ತಿದ್ದವು. ನಾನು ಸೀರೆಯ ನೆರಿಗೆ ಎತ್ತಿ ಹಿಡಿದು, ಇಲ್ಲದ ಎತ್ತರಕ್ಕೆ ಕಾಲೆತ್ತಿ ಇಡುತ್ತಿದ್ದೆ. ಗೇಟಿನ ಕಾವಲುಗಾರ ಬೀಡಿಯನ್ನು ಬಾಯಿಂದ ತೆಗೆದು ನೋಡುತ್ತಿದ್ದ. ಶಾಲೆಯ ಜಗಲಿಯಲ್ಲಿ ಇದು ತಿರುಗುಮುರುಗಾಯಿತು. ಮೆಟ್ಟಿಲು ಮುಗಿಯಿತೆಂದುಕೊಂಡ ಕಡೆ ಇನ್ನೂ ಒಂದಿತ್ತು. ಪ್ರಾರ್ಥನೆಗೆ ಸಾಲು ನಿಂತಿದ್ದ ಹುಡುಗಿಯರ ಎದುರಿಗೇ ದೊಪ್ಪನೆ ಕೂತುಬಿಟ್ಟೆ. ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

ಅಂಗಡಿಗೆ ಹೋಗಿ ಹೇಳಿದೆ. ಅವನು ಕನ್ನಡಕ ತೆಗೆದುಕೊಂಡು, ಪಂಚೆಯ ಚುಂಗಿನಿಂದ ಒರೆಸಿ, ಬೆಳಕಿಗೆ ಹಿಡಿದು, ಹಿಂದಕ್ಕೆ ಕೊಟ್ಟ. "ಏನೂ ಆಗಿಲ್ಲ ಮೇಡಂ. ನೀವು ತುಂಬಾ ಯೋಚನೆ ಮಾಡ್ತೀರಿ."

ಮನೆಯಲ್ಲಿ ನಮ್ಮವರದೂ ಅದೇ ರಾಗ. "ಡಾಕ್ಟರೇ ಬರ್ದುಕೊಟ್ಟಿದ್ದು, ಅಂಗಡಿಯೋನೂ ಸರಿ ಅಂತಾನೆ. ನಿನಗೊಬ್ಬಳಿಗೇ ಯಾಕೇ ತಪ್ಪು ಕಾಣ್ಸುತ್ತೆ?"

"ಹಾಕ್ಕೊಂಡಿರೋಳು ನಾನೊಬ್ಬಳೇ ಅಲ್ವೇನ್ರೀ?" ಎಂದೆ.

ನನಗಂತೂ ಖಾತ್ರಿಯಾಗಿತ್ತು. ನನ್ನ ಕನ್ನಡಕ ಆ ಹೆಂಗಸಿನ ಮೂಗಿನ ಮೇಲಿದೆ, ಆಕೆಯದು ನನ್ನ ಮೂಗಿನ ಮೇಲಿದೆ. ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ, ಎಲ್ಲಿ ಕಪ್ಪು ಫ್ರೇಮು ಕಂಡರೂ ಕತ್ತು ತಿರುಗುತ್ತಿತ್ತು. ಒಂದು ಸಂಜೆ ಮಲ್ಲೇಶ್ವರದಿಂದ ಬರುವ ಬಸ್ಸಿನಲ್ಲಿ ಆಕೆಯೇ ಸಿಕ್ಕಂತಾಯಿತು. ಅದೇ ಎತ್ತರ, ಅದೇ ತುರುಬು, ಅದೇ ಫ್ರೇಮು. ಪಕ್ಕದ ಸೀಟು ಖಾಲಿಯಾದದ್ದೇ ತಡ ಹೋಗಿ ಕೂತೆ.

"ಕ್ಷಮಿಸಿ, ನಿಮಗೂ ಮೆಟ್ಟಿಲು ಎದ್ದು ಬರುತ್ತಾ?" ಎಂದು ಕೇಳಿದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕೈಚೀಲವನ್ನು ಎದೆಗೆ ಅವುಚಿಕೊಂಡರು.

"ಅಲ್ಲ, ನಿಮ್ಮ ಕನ್ನಡಕ ಒಂದ್ಸಲ ಕೊಡ್ತೀರಾ, ಹಾಕ್ಕೊಂಡು ನೋಡಿ ಕೊಟ್ಬಿಡ್ತೀನಿ."

ಅಷ್ಟಕ್ಕೆ ಆಕೆ ಎದ್ದು ಕಂಡಕ್ಟರನ ಪಕ್ಕಕ್ಕೆ ಹೋಗಿ ನಿಂತರು. ಅವರ ಗಾಜಿನಲ್ಲಿ ಗೀಟು ಇರಲೇ ಇಲ್ಲವೆಂಬುದನ್ನು ನಾನು ಗಮನಿಸಿದ್ದು ಅವರು ಇಳಿದು ಹೋಗುವಾಗ. ಬೇರೆ ಯಾರೋ ಎಂದುಕೊಂಡೆ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ.

ನನ್ನ ಅನುಮಾನ ಹೀಗೆ ಊರು ಸುತ್ತುತ್ತಿದ್ದಾಗ ಜನರ ಅನುಮಾನ ನನ್ನ ಸುತ್ತ ಬೆಳೆಯುತ್ತಿತ್ತು. ಅದು ನನಗೆ ಗೊತ್ತಾಗಿರಲಿಲ್ಲ. ಗಾಜಿನ ಕೆಳಗಿನ ಭಾಗ ಅಡ್ಡ ಬಾರದಿರಲೆಂದು ನಾನು ಎದುರಿಗಿದ್ದವರನ್ನು ನೋಡುವಾಗ ಗಲ್ಲವನ್ನು ಕತ್ತಿಗೆ ಒತ್ತಿ, ಹುಬ್ಬಿನ ಕೆಳಗಿಂದ ದಿಟ್ಟಿಸುವುದನ್ನು ರೂಢಿ ಮಾಡಿಕೊಂಡಿದ್ದೆ. ಮೊದಲು ಬಾಯಿಬಿಟ್ಟವಳು ಮತ್ತಿಕೆರೆ ಕಡೆಯಿಂದ ಹಾಲು ತರುತ್ತಿದ್ದ ಹೆಂಗಸು. ಹಾಲು ಅಳೆಯುತ್ತಿದ್ದವಳು ಪಾವನ್ನು ಹಾಗೇ ಹಿಡಿದು ನಿಂತಳು.

"ಯಾಕಮ್ಮಾ ದಿನಾ ಇಂಗೆ ನೋಡ್ತೀರಾ? ನೀರಾಕಿಲ್ಲ ಕಣಮ್ಮ. ಬೇಕಾದ್ರೆ ಬೇರೆ ಕಡೆ ಆಕಿಸ್ಕೊಳ್ಳಿ."

ನಾನು ಎಷ್ಟು ಸಮಾಧಾನ ಮಾಡಿದರೂ ಅವಳಿಗೆ ನಂಬಿಕೆ ಬರಲಿಲ್ಲ. ಮಾರನೆಯ ದಿನದಿಂದ ಹಾಲು ಮಾತ್ರ ಗಟ್ಟಿಯಾಯಿತು. ಅದನ್ನು ಕಂಡು ನನಗೆ ಹೊಸ ಅನುಮಾನ ಶುರುವಾಯಿತು.

ಹಾಲಿನವಳ ಮಾತು ಹಾಗಿರಲಿ. ನಿಜವಾಗಿ ನೋವಾದದ್ದು ನನ್ನ ಓರಗಿತ್ತಿಯ ವಿಷಯದಲ್ಲಿ. ಅವಳು ನನ್ನ ಮೈದುನನ ಹೆಂಡತಿ, ನನಗಿಂತ ಆರೇಳು ವರ್ಷ ಚಿಕ್ಕವಳು. ಎರಡು ಸಂಸಾರಕ್ಕೂ ಒಂದೇ ಅಡುಗೆಮನೆ. ಅವಳಿದ್ದ ಕಾರಣಕ್ಕೇ ನಾನು ನಿಶ್ಚಿಂತೆಯಾಗಿ ಶಾಲೆಗೆ ಹೋಗುತ್ತಿದ್ದೆ. ತಮ್ಮನ ಮದುವೆಗೆಂದು ಅವಳು ಒಂದು ಸೀರೆ ತಂದಿದ್ದಳು. ನನ್ನ ಮುಂದೆ ಹರವಿ, "ಹೇಗಿದೆ ಅಕ್ಕ?" ಎಂದಳು. ನಾನು ನೇಯ್ಗೆ ನೋಡಲು ತಲೆ ಹಿಂದಕ್ಕೆ ಚೆಲ್ಲಿ ಗಾಜಿನ ಕೆಳಭಾಗದಿಂದ ನೋಡಿದೆ. ಆಮೇಲೆ ಅವಳ ಮುಖ ನೋಡಲು ಗಲ್ಲ ಇಳಿಸಿ ಹುಬ್ಬು ಗಂಟಿಕ್ಕಿದೆ. "ಚೆನ್ನಾಗಿದೆ" ಎಂದೆ. ಅವಳು ಸೀರೆ ಮಡಿಸಿ ಒಳಗಿಟ್ಟಳು.

ಅಂದಿನಿಂದ ಅವಳು ನನ್ನೊಡನೆ ಮಾತು ನಿಲ್ಲಿಸಿದಳು. ಹೇಳಬೇಕಾದದ್ದನ್ನು ಗೋಡೆಗೆ ಹೇಳುತ್ತಿದ್ದಳು. "ಸಾರು ಒಲೆ ಮೇಲಿದೆ." "ನೀರು ಕಾದಿದೆ." ನಾನು ಬಂದರೆ ಅವಳು ಹಿತ್ತಿಲಿಗೆ ಹೋಗುತ್ತಿದ್ದಳು. ನನ್ನ ಸಂಬಳದ ಬಗ್ಗೆ ಯಾರೋ ಏನೋ ಕಿವಿಗೆ ಊದಿರಬೇಕು, ಬೇರೆ ಮನೆ ಮಾಡುವ ಯೋಚನೆ ಇರಬೇಕು ಎಂದೆಲ್ಲ ನಾನು ಲೆಕ್ಕ ಹಾಕಿದೆ. ಅವಳು ಏನು ಲೆಕ್ಕ ಹಾಕುತ್ತಿದ್ದಾಳೆಂದು ಕೇಳಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ನಾನು ಅವಲಕ್ಕಿ ಡಬ್ಬಿ ಹುಡುಕುತ್ತ ಅಡುಗೆಮನೆಯ ಗೂಡುಗಳಲ್ಲಿ ಇಣುಕುತ್ತಿದ್ದೆ. ಅವಳು ಬಾಗಿಲಲ್ಲಿ ಬಂದು ನಿಂತಳು.

"ಅಕ್ಕ, ಬಾಯ್ಬಿಟ್ಟು ಹೇಳ್ಬಿಡಿ. ಈ ಮನೇಲಿ ನಾನೇನು ಕದ್ದಿದೀನಿ?"

"ಏನೇ ಹಾಗಂದ್ರೆ?"

"ಒಂದು ತಿಂಗಳಿಂದ ನೋಡ್ತಿದೀನಿ. ನನ್ನ ಕಂಡ್ರೆ ಪೊಲೀಸಿನೋರು ಕಳ್ಳನ್ನ ನೋಡೋ ಹಾಗೆ ನೋಡ್ತೀರಿ. ನನ್ನ ಸೀರೆ ನೋಡಿದ್ದು ಹೇಗೆ? ಅದರ ದುಡ್ಡು ಎಲ್ಲಿಂದ ಬಂತು ಅಂತ ತಾನೆ? ನಮ್ಮಮ್ಮ ಕೊಡ್ಸಿದ್ದು ಅದು."

"ಅಯ್ಯೋ ಹುಚ್ಚಿ, ನಾನು ನಿನ್ನ ಎಲ್ಲೇ ನೋಡಿದೆ? ಈ ಹಾಳು ಕನ್ನಡಕದಲ್ಲಿ ನನಗೆ ಯಾರ ಮುಖಾನೂ ನೆಟ್ಟಗೆ ಕಾಣ್ಸಲ್ಲ. ಕುತ್ತಿಗೆ ನೋವು ಬಂದು ಸಾಯ್ತಿದೀನಿ" ಎಂದು ಅಲ್ಲೇ ಕೂತುಬಿಟ್ಟೆ. ಹಳಿ, ಜಗಲಿ, ಬಸ್ಸು ಎಲ್ಲವನ್ನೂ ಹೇಳಿದೆ. ಬಸ್ಸಿನ ಕಥೆಗೆ ಬಂದಾಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆದರೂ ಅವಳಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. "ಎಲ್ಲಿ, ನನ್ನ ಕಡೆ ತಿರುಗಿ" ಎಂದು ನನ್ನ ಗಲ್ಲ ಹಿಡಿದು ಬೆಳಕಿಂಡಿಯ ಕಡೆ ತಿರುಗಿಸಿದಳು. ಒಂದು ಕಣ್ಣು ನೋಡಿದಳು, ಇನ್ನೊಂದು ನೋಡಿದಳು.

"ಅಕ್ಕ, ಈ ಗಾಜಿನ ಗೀಟು ಕೆಳಗಿದೆ. ಆ ಗಾಜಿಂದು ಮೇಲಿದೆ ಕಣ್ರೀ!"

ನನ್ನ ಮುಖದ ಮೇಲಿದ್ದುದನ್ನು ನಾನು ನೋಡುವಂತಿರಲಿಲ್ಲ, ತೆಗೆದಿಟ್ಟಾಗ ಗೀಟುಗಳನ್ನು ಹೋಲಿಸಿ ನೋಡಬೇಕೆಂದು ಹೊಳೆದಿರಲಿಲ್ಲ. ನೋಡಬಹುದಾಗಿದ್ದವರು ಯಾರೂ ಅಷ್ಟು ಹತ್ತಿರ ಬಂದಿರಲಿಲ್ಲ. ಕನ್ನಡಿಯ ಮುಂದೆ ನಿಂತರೆ ನನಗೆ ಗೀಟೇ ಅಡ್ಡ ಬಂದು ಮುಖವೆಲ್ಲ ಕಲಸಿಹೋಗುತ್ತಿತ್ತು.

ಮರುದಿನ ಶಾಲೆ ಬಿಟ್ಟ ಮೇಲೆ ಇಬ್ಬರೂ ಅಂಗಡಿಗೆ ಹೋದೆವು. ಅಂಗಡಿಯವನು "ಅಭ್ಯಾಸ" ಎಂದು ಶುರು ಮಾಡುವಷ್ಟರಲ್ಲಿ ಓರಗಿತ್ತಿ, "ಅದೆಲ್ಲ ಆಮೇಲೆ. ಮೊದ್ಲು ಇವರ ಮುಖ ನೋಡಿ" ಎಂದಳು. ಅವನು ಬಗ್ಗಿ ನೋಡಿದ. ಆಮೇಲೆ, "ನಿಮ್ಮ ಕಿವಿಗಳೇ ಒಂದು ಮೇಲೆ ಒಂದು ಕೆಳಗಿವೆ ಮೇಡಂ" ಎಂದ. ನಾನಿದನ್ನು ನಂಬಲಿಲ್ಲ. ಕನ್ನಡಕ ತೆಗೆದು ಗಾಜಿನ ಪೆಟ್ಟಿಗೆಯ ಮೇಲೆ ಇಟ್ಟೆ. ಮುಖವಿಲ್ಲ, ಕಿವಿಯಿಲ್ಲ, ಆದರೂ ಗೀಟುಗಳು ಸಮವಿರಲಿಲ್ಲ. ಅವನು ಕತ್ತಿನ ಹಿಂದೆ ಕೆರೆದುಕೊಂಡು, ಬಲಗಡೆಯ ಗಾಜನ್ನು ಬೇರೆ ಹಾಕಿಸಿಕೊಡುವುದಾಗಿ ಒಪ್ಪಿದ.

"ಕವರು ಅದಲು ಬದಲಾಗಿರಬಹುದಲ್ವಾ?" ಎಂದು ಮತ್ತೆ ಕೇಳಿದೆ.

"ಇಲ್ಲ ಮೇಡಂ. ಅವರದು ಬರೀ ದೂರದ್ದು."

ಹೊಸ ಗಾಜು ಬಂತು. ಗೀಟುಗಳು ಸಮವಾಗಿದ್ದವು. ಹಾಕಿಕೊಂಡೆ. ಓರಗಿತ್ತಿ ಎದುರಿಗೆ ನಿಂತು, "ಇನ್ನೂ ಒಂಚೂರು ಸೊಟ್ಟ" ಎಂದಳು. ಅಂಗಡಿಯವನು ನನ್ನ ಕಿವಿಗಳ ಕಡೆ ಬೆರಳು ತೋರಿಸಿದ. ಅವಳು ಹಿಂದೆ ಬಂದು, ಕೂದಲು ಸರಿಸಿ, ಎರಡೂ ಕಿವಿ ಹಿಡಿದು ನೋಡಿದಳು. "ಅದೂ ನಿಜ ಅಕ್ಕ" ಎಂದಳು. ಇಷ್ಟು ವರ್ಷ ಹೂ ಮುಡಿದ ತಲೆ, ಓಲೆ ಹಾಕಿದ ಕಿವಿ. ಒಬ್ಬರೂ ಹೇಳಿರಲಿಲ್ಲ. ಅವನು ಕನ್ನಡಕದ ಒಂದು ಕಡ್ಡಿಯನ್ನು ಬಿಸಿಗೆ ಹಿಡಿದು ಮೆದು ಮಾಡಿ, ಒಂಚೂರು ಬಗ್ಗಿಸಿ, ಆರಿಸಿ ಕೊಟ್ಟ. ಈ ಸಲ ಮೇಜಿನ ಅಂಚು ಮುರಿದಿರಲಿಲ್ಲ.

ಬರುವಾಗ ಹಳಿಯ ಹತ್ತಿರ ಅವಳು ನನ್ನ ಮೊಣಕೈ ಹಿಡಿದುಕೊಂಡಳು. "ಬಿಡೇ, ಕಾಣ್ಸುತ್ತೆ" ಎಂದೆ. ಬಿಡಲಿಲ್ಲ. ಹಳಿ ನೆಲದ ಮೇಲೆಯೇ ಇತ್ತು. ಆದರೂ ನಾನು ಕಾಲು ಸ್ವಲ್ಪ ಎತ್ತಿಯೇ ಇಟ್ಟೆ.

ಎಷ್ಟೋ ದಿನ ರಾತ್ರಿ ಊಟದ ಮುಂಚೆ ಅವಳನ್ನು ಕರೆದು, "ಗೀಟು ಸರಿಯಾಗಿದೆಯಾ ನೋಡೇ" ಎನ್ನುತ್ತಿದ್ದೆ. ಅವಳು ಸೌಟು ಕೈಯಲ್ಲಿ ಹಿಡಿದೇ ಬಂದು ನೋಡಿ ಹೋಗುತ್ತಿದ್ದಳು. ಕೆಲವು ವರ್ಷಗಳ ಮೇಲೆ ಅವಳಿಗೂ ಚಾಳೀಸು ಬಂತು. ಅವಳಿಗೂ ದೂರ, ಹತ್ತಿರ ಎರಡೂ ಬೇಕಾಗಿತ್ತು. ಡಾಕ್ಟರು ನನಗೆ ಹೇಳಿದ್ದನ್ನೇ ಅವಳಿಗೂ ಹೇಳಿದರು. ಅವಳು ಖಡಾಖಂಡಿತವಾಗಿ ಬೇಡವೆಂದು ಎರಡು ಬೇರೆ ಬೇರೆ ಕನ್ನಡಕ ಮಾಡಿಸಿಕೊಂಡಳು. ಯಾಕೆಂದು ಕೇಳಿದೆ.

"ಊರಿನೋರ ಜೊತೆಯೆಲ್ಲ ಜಗಳ ಆಡೋಕೆ ನನಗೆಲ್ಲಿದೆ ಅಕ್ಕ ಪುರುಸೊತ್ತು?" ಎಂದು ಒಂದನ್ನು ತೆಗೆದು ಇನ್ನೊಂದನ್ನು ಹುಡುಕತೊಡಗಿದಳು.