ಸ್ಕ್ರೀನ್ ಹೇಳಿದ್ದು, ಸ್ವಿಚ್ ಹೇಳಿದ್ದು

ಪಂಪ್ ಇದ್ದಕ್ಕಿದ್ದಂತೆ ನಿಂತುಹೋಯಿತು.

ಹಳಿಯಾಳ ರಸ್ತೆಯಲ್ಲಿರುವ ನಮ್ಮ ಫ್ಯಾಕ್ಟರಿಯಲ್ಲಿ ಬಾಯ್ಲರ್ ಉರಿಸಲು ಬೇಕಾದ ಫರ್ನೇಸ್ ಆಯಿಲ್ ತುಂಬಿಡುವ ದೊಡ್ಡ ಟ್ಯಾಂಕ್ ಇದೆ. ಅನಮೋಡ ಘಟ್ಟ ಹತ್ತಿ ಬಂದ ಟ್ಯಾಂಕರ್‌ನಿಂದ ಅದಕ್ಕೆ ಎಣ್ಣೆ ಇಳಿಸುತ್ತಿದ್ದರು. ಅರ್ಧಕ್ಕೇ ಎಲ್ಲ ಸ್ತಬ್ಧ.

ನಿಲ್ಲಿಸಿದ್ದು ಮನುಷ್ಯರಲ್ಲ. ನಾನು ಡಿಸೈನ್ ಮಾಡಿ, ಈಚೆಗಷ್ಟೇ ಟ್ಯಾಂಕಿನ ಮೇಲ್ಭಾಗದಲ್ಲಿ ಕೂರಿಸಿದ್ದ ಸ್ವಿಚ್.

ಎಣ್ಣೆ ಕಂಠದವರೆಗೆ ಬಂದರೆ ಅದು ತಾನಾಗಿಯೇ ಪಂಪ್ ನಿಲ್ಲಿಸಿ ವಾಲ್ವ್ ಮುಚ್ಚಬೇಕು. ವಾಲ್ವ್ ಪೂರ್ತಿ ಮುಚ್ಚುವಷ್ಟರಲ್ಲಿ ಇನ್ನಷ್ಟು ಎಣ್ಣೆ ಒಳಗೆ ಬಂದೇ ಬರುತ್ತದೆ, ಅದಕ್ಕೂ ಜಾಗ ಬಿಟ್ಟು ಎತ್ತರದ ಲೆಕ್ಕ ಹಾಕಿದ್ದೆ.

ಲೆವೆಲ್ ತೋರಿಸುವ ಮೀಟರ್ ಇದೆಯಲ್ಲ, ಅದಕ್ಕೇ ಇದನ್ನೂ ಜೋಡಿಸಿದರೆ ಸಾಕು ಎಂದು ಮೀಟಿಂಗ್‌ನಲ್ಲಿ ಎಲ್ಲರೂ ಹೇಳಿದ್ದರು. ಆ ಮೀಟರೇ ಕೈಕೊಟ್ಟರೆ? ಹಠ ಹಿಡಿದು ಬೇರೆ ಸ್ವಿಚ್, ಬೇರೆ ವೈರ್ ಹಾಕಿಸಿದ್ದೆ.

ಈಗ ನೋಡಿದರೆ... ಕಂಟ್ರೋಲ್ ರೂಮಿನ ಸ್ಕ್ರೀನ್ ಪ್ರಕಾರ ಟ್ಯಾಂಕ್ ಇನ್ನೂ ಕಾಲು ಭಾಗ ಖಾಲಿ!

ಆಪರೇಟರ್ ನಿಂಗಪ್ಪ ಬಾಗಿಲಿಗೆ ಬಂದು ಕೂಗಿದರು. "ಮೇಡಂರ, ಇನ್ನೂ ರಗಡ ಜಾಗ ಐತ್ರಿ. ನಿಮ್ಮ ಸ್ವಿಚ್ಚೇ ಸುಳ್ಳ ಹೇಳಾಕತ್ತೈತಿ."

ಶಿಫ್ಟ್ ಇನ್‌ಚಾರ್ಜ್ ಪಾಟೀಲ್ ಸರ್ ಬೈಪಾಸ್ ಕೀಲಿ ಹಿಡಿದೇ ಬಂದರು. ಪ್ಯಾನೆಲ್‌ನಲ್ಲಿ ಅದನ್ನು ತಿರುಗಿಸಿದರೆ ಮುಗಿಯಿತು, ಸ್ವಿಚ್‌ನ ಮಾತು ಕೇಳದೆ ಪಂಪ್ ಮತ್ತೆ ಓಡುತ್ತದೆ.

"ಹೊಸಾ ಮಾಲು, ಹಿಂಗ ಆಗತೈತಿ ಬಿಡ್ರಿ. ಮೊದಲ ಟ್ಯಾಂಕರ್ ಖಾಲಿ ಮಾಡೂಣು. ಡ್ರೈವರ್ ತಿರುಗಿ ಘಟ್ಟ ಇಳೀಬೇಕಂತ ಅವಸರ ಮಾಡಾಕತ್ತಾನ."

ಆ ಡ್ರೈವರ್ ಟ್ಯಾಂಕಿನ ನೆರಳಲ್ಲೇ ಕುಳಿತು ಅವಲಕ್ಕಿ ತಿನ್ನುತ್ತಿದ್ದ. ಎಣ್ಣೆ ಉಕ್ಕಿದರೆ ಮೊದಲು ಬೀಳುವುದು ಅಲ್ಲೇ. ಮುಂದೆ ಹಳ್ಳ, ಆಮೇಲೆ ಕಾಳಿ ನದಿ... ಕೋಗಿಲಬನದಲ್ಲಿ ನಮ್ಮ ಅಕ್ಕ ಅದೇ ಹೊಳೆಯಲ್ಲಿ ಬಟ್ಟೆ ಒಗೆಯುತ್ತಾಳೆ.

"ಸರ್, ನಾ ಮ್ಯಾಲ ಹತ್ತಿ ನೋಡತೇನಿ. ನಾ ಕೆಳಗ ಬರೂತನಾ ಕೀಲಿ ತಿರವಬ್ಯಾಡ್ರಿ."

"ಸ್ಕ್ರೀನ್ ಮ್ಯಾಲ ಕಾಣಸ್ತೈತಲ್ರಿ! ಲಗೂನ ನೋಡ್ರಿ ಮತ್ತ."

ಡ್ರೈವರ್‌ನನ್ನು ಅಲ್ಲಿಂದ ಎಬ್ಬಿಸಿ ಏಣಿ ಹತ್ತತೊಡಗಿದೆ.

ಹತ್ತುತ್ತಾ ಹತ್ತುತ್ತಾ ನನ್ನ ಧೈರ್ಯ ಇಳಿಯುತ್ತಿತ್ತು. ಸ್ವಿಚ್ ನಿಜಕ್ಕೂ ಕೆಟ್ಟಿದ್ದರೆ? ವೈರಿಂಗ್ ತಪ್ಪಿರಬಹುದಾ? ಇನ್ನು ಮುಂದೆ ಮೀಟಿಂಗ್‌ನಲ್ಲಿ ನನ್ನ ಮಾತು ಯಾರು ಕೇಳುತ್ತಾರೆ?

ಮೇಲೆ ಹೋಗಿ ಅಳತೆ ಕಿಂಡಿಯ ಮುಚ್ಚಳ ತೆಗೆದೆ.

ಅಳೆಯುವುದೇ ಬೇಕಾಗಲಿಲ್ಲ. ಕಪ್ಪಗೆ, ಗಟ್ಟಿಯಾಗಿ, ಕೈ ಇಳಿಬಿಟ್ಟರೆ ಸಿಗುವಷ್ಟು ಹತ್ತಿರ ನಿಂತಿತ್ತು ಎಣ್ಣೆ.

"ಸರ್, ಟ್ಯಾಂಕ್ ತುಂಬೇತ್ರಿ! ಕೀಲಿ ತಿರವಬ್ಯಾಡ್ರಿ!"

ರೇಲಿಂಗ್‌ನಿಂದ ಕೆಳಗೆ ಬಗ್ಗಿ ಕೂಗಿದೆ.

ಪಾಟೀಲ್ ಸರ್ ನಂಬದೆ ತಾವೇ ಹತ್ತಿ ಬಂದರು. ಕಿಂಡಿಯೊಳಗೆ ಬಗ್ಗಿ ನೋಡಿ, ರೇಲಿಂಗ್ ಹಿಡಿದುಕೊಂಡರು.

"ಪ್ಯಾನೆಲ್‌ನ್ಯಾಗ ಕೀಲಿ ಹಾಕೇ ನಿಂತಿದ್ದೆ ನೋಡ್ರಿ. ನೀವು ಒದರೋದು ಚೂರು ತಡಾ ಆಗಿದ್ರ ತಿರುವೇ ಬಿಡತಿದ್ದೆ."

ಆಗಿದ್ದಿಷ್ಟು. ಲೆವೆಲ್ ತೋರಿಸುವ ಮೀಟರ್‌ನ ತೇಲುಗುಂಡು ಗಟ್ಟಿ ಎಣ್ಣೆಗೆ ಅಂಟಿ ಒಳಗೇ ಸಿಕ್ಕಿಕೊಂಡಿತ್ತು. ಎಣ್ಣೆ ಏರುತ್ತಲೇ ಇತ್ತು, ಸ್ಕ್ರೀನ್ ಮಾತ್ರ ಅಲ್ಲೇ ನಿಂತಿತ್ತು. ಚಳಿಗೆ ಎಣ್ಣೆ ಗಟ್ಟಿಯಾಗಿ ಪಂಪ್ ನಿಧಾನವಾಗಿದೆ ಎಂದುಕೊಂಡಿದ್ದರು ನಿಂಗಪ್ಪ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ.

ಈಗ ಬೇರೆ ಬಗೆಯ ಮೀಟರ್ ಬಂದಿದೆ. ಬೈಪಾಸ್ ಕೀಲಿ ಪ್ಯಾನೆಲ್ ಹತ್ತಿರ ಸಿಗುವುದಿಲ್ಲ, ಬೇಕೆಂದರೆ ಇಬ್ಬರ ಒಪ್ಪಿಗೆ ಬೇಕು. ನಿಂಗಪ್ಪ ಸಿಕ್ಕವರಿಗೆಲ್ಲ "ಮೇಡಂ ಸ್ವಿಚ್ ಖರೇ ಹೇಳಿತ್ತು" ಎನ್ನುತ್ತಾ ತಿರುಗುತ್ತಾರೆ.

ನನಗೆ ಮಾತ್ರ ಸಮಾಧಾನವಿಲ್ಲ. ದಾಂಡೇಲಿಯ ಮನೆಯಲ್ಲಿ ನೀರಿನ ಮೋಟರ್ ಹಾಕಿದರೂ ಟೆರೇಸಿಗೆ ಓಡುತ್ತೇನೆ, ಯಜಮಾನರು ನಗುತ್ತಾರೆ.

ಯಾಕೆಂದರೆ ಅವತ್ತು ಏಣಿಯ ನಡುವೆ ಒಂದು ಗಳಿಗೆ, ನಾನೂ ಸ್ಕ್ರೀನನ್ನೇ ನಂಬಿದ್ದೆ. ಕೆಳಗಿಳಿದು "ತಿರುವ್ರಿ ಸರ್" ಎಂದುಬಿಡೋಣ ಅನ್ನಿಸಿತ್ತು.

ನೀವೇ ಹಠ ಹಿಡಿದು ಮಾಡಿದ ಕೆಲಸವನ್ನು, ಅದು ನಿಜ ಹೇಳುತ್ತಿರುವಾಗಲೇ ನೀವೂ ಅನುಮಾನಿಸಿದ್ದುಂಟಾ?