ವಾಶಿಯಲ್ಲಿ ಕೊಂಡ ಮಲ್ಲಿಗೆ

ಮೊನ್ನೆ ಭಾನುವಾರ ವಾಶಿಯ ಮಾಲ್‌ನಲ್ಲಿ ಕನ್ನಡ ಸಿನೆಮಾ ನೋಡುತ್ತ ಕೂತಿದ್ದೆ. ಪಕ್ಕದ ಹೆಂಗಸಿನ ಮುಡಿಯಿಂದ ಅರ್ಧ ಬಾಡಿದ ಮಲ್ಲಿಗೆಯ ವಾಸನೆ ಬಂತು... ಆಮೇಲೆ ಪರದೆಯ ಮೇಲೆ ಏನು ನಡೆಯಿತೋ ದೇವರಿಗೇ ಗೊತ್ತು.

ಡೊಂಬಿವಲಿಯಲ್ಲಿ ನಮ್ಮ ಎದುರುಮನೆಯ ಆಂಟಿ ಉಡುಪಿ ಕಡೆಯವರು. ಒಬ್ಬಳೇ ಮಗಳು ಜಾತಿ ಬಿಟ್ಟು ಮದುವೆಯಾಗಿ ನೆರೂಳಿನಲ್ಲಿದ್ದಳು. ಅಂಕಲ್ ಅವಳ ಹೆಸರೆತ್ತಲೂ ಬಿಡುತ್ತಿರಲಿಲ್ಲ. ಮಗಳು ತುಂಬಿದ ಬಸುರಿ ಎಂದು ತಿಳಿದ ಮೇಲೆ ಆಂಟಿಗೆ ಒಂದೇ ಸಂಕಟ. ಅವರ ಕಡೆ ಬಸುರಿ ಮಗಳಿಗೆ ತಾಯಿ ತಲೆ ಬಾಚಿ ಹೂ ಮುಡಿಸಬೇಕು, ಬಯಕೆ ಎನ್ನುತ್ತಾರೆ. ಹೆರಿಗೆಯಾದ ಮೇಲೆ ಮುಡಿಸಿ ಏನು ಬಂತು?

ಎರಡು ವರ್ಷದ ಹಿಂದೆ, ಮನಸ್ಸು ಹಗುರಾಗಲಿ ಅಂತ ಇದೇ ಥಿಯೇಟರಿಗೆ ಅವರನ್ನು ಎಳೆದುಕೊಂಡು ಬಂದಿದ್ದೆ. ಗ್ರಹಚಾರಕ್ಕೆ ಅದೂ ತಾಯಿ-ಮಗಳ ಕಥೆ! ಇಂಟರ್‌ವಲ್‌ನಲ್ಲಿ ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳಿಗೆ ಫೋನು ಮಾಡಿ, ಇವತ್ತೇ ಬರುತ್ತೇನೆ ಎಂದು ತುಳುವಿನಲ್ಲಿ ಹೇಳಿಯೇಬಿಟ್ಟರು. ಸಿನೆಮಾ ಬಿಟ್ಟ ಮೇಲೆ ಸ್ಟೇಷನ್ನಿನ ಹೊರಗೆ ಮಲ್ಲಿಗೆ ಕೊಂಡರು. ನನಗಂತೂ ಕುಣಿಯುವಷ್ಟು ಖುಷಿ.

ಪನ್ವೇಲ್ ಗಾಡಿ ಬಂತು. ಆಂಟಿ ಕದಲಲಿಲ್ಲ.

"ಮೂರನೇ ಸ್ಟೇಷನ್ನೇ ನೆರೂಳ್. ಬನ್ನಿ ಆಂಟಿ, ನಾನೂ ಬರ್ತೀನಿ," ಅಂದೆ.

"ಬೇಡ ಮಾರಾಯ್ತಿ. ಸಿನೆಮಾ ನೋಡಿ ಏನೋ ಹೇಳಿಬಿಟ್ಟೆ. ಇವರಿಗೆ ಗೊತ್ತಾದ್ರೆ ನನ್ನನ್ನು ಮನೆಯೊಳಗೆ ಸೇರಿಸ್ಲಿಕ್ಕಿಲ್ಲ."

ಗಾಡಿ ಹೋಯಿತು. ನಾವು ಮನೆ ಕಡೆಗೆ ಠಾಣೆಯ ಗಾಡಿ ಹತ್ತಿದೆವು. ದಾರಿಯುದ್ದಕ್ಕೂ ಹೂವಿನ ಪೊಟ್ಟಣ ಅವರ ಮಡಿಲಲ್ಲೇ ಇತ್ತು... ಅಂಕಲ್ ಮೇಲೆ, ಆಂಟಿಯ ಮೇಲೆ, ಆ ಹಾಳು ಸಿನೆಮಾದ ಮೇಲೂ ನನಗೆ ಸಿಟ್ಟು ಬಂತು. ಎರಡೂವರೆ ಗಂಟೆ ಅಳಿಸಿ ಕಳಿಸಿದ್ದಷ್ಟೇ ಅದರ ಸಾಧನೆ.

ಹೋದ ವರ್ಷ ಆಂಟಿ ತೀರಿಕೊಂಡರು. ಮಗಳು ಮಗುವನ್ನು ಎತ್ತಿಕೊಂಡು ಬಂದಳು. ಮುತ್ತೈದೆಗೆ ಹೂ ಮುಡಿಸಿ ಕಳಿಸಬೇಕಲ್ಲ. ತಾಯಿಯ ನರೆತ ತಲೆ ಬಾಚಿ ಅವಳೇ ಮುಡಿಸಿದಳು. ಅಂಕಲ್ ತಡೆಯಲಿಲ್ಲ, ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಆಮೇಲೆ ಅವಳು ನನ್ನ ಪಕ್ಕ ಬಂದು ಕೂತಳು.

"ದೀದಿ, ಅವತ್ತು ಕತ್ತಲಾಗುವ ತನಕ ತಲೆಕೂದಲು ಬಿಚ್ಚಿಕೊಂಡೇ ಕೂತಿದ್ದೆ. ಅಮ್ಮ ಬಂದು ಬಾಚ್ತಾರೆ ಅಂತ."



ಮೊನ್ನೆ ಸಿನೆಮಾ ಮುಗಿದು ದೀಪ ಹತ್ತಿದಾಗ ಪಕ್ಕದ ಹೆಂಗಸು ಬಿಕ್ಕುತ್ತಿದ್ದಳು. ನೀನು ಯಾವ ಕಡೆಯ ಗಾಡಿ ಹತ್ತುತ್ತೀಯ ತಾಯಿ, ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಸ್ಟೇಷನ್ನಿಗೆ ಬಂದರೆ ಪನ್ವೇಲ್ ಗಾಡಿ ನಿಂತಿತ್ತು... ಕೈಹಿಡಿದು ಎಳೆದು ಹತ್ತಿಸೋಣವೆಂದರೆ ಆಂಟಿ ಇಲ್ಲ.